ಧರ್ಮಕ್ಕೆ ಕೊಟ್ಟ ದಟ್ಟಿ

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ.’ ಈ ಗಾದೆಯನ್ನ ನಾನು ಒಬ್ಬ ನಿವೃತ್ತ ಮೇಷ್ಟ್ರ ಬಗ್ಗೆ ಹೇಳಿದೆ. ಅವರ ಎದುರಿಗೆ ಅಲ್ಲ, ಫೋನ್ ಇಟ್ಟ ಮೇಲೆ, ಅಡುಗೆಮನೆ ಕಡೆ ತಿರುಗಿ. ಹೆಂಡತಿ ನಕ್ಕಳು, ನಾನೂ ನಕ್ಕೆ. ಮೂರು ದಿನ ಕಳೆದ ಮೇಲೆ ಆ ನಗು ಗಂಟಲಲ್ಲೇ ಸಿಕ್ಕಿಕೊಂಡಿತು. ಅದನ್ನ ಹೇಳೋದಕ್ಕೆ ಮೊದಲು ಸ್ವಲ್ಪ ಹಿನ್ನೆಲೆ ಹೇಳಬೇಕು.

ನನ್ನದೊಂದು ಸಣ್ಣ ತಂತ್ರಾಂಶ ಇದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕನ್ನಡವನ್ನ ಯೂನಿಕೋಡಿಗೆ ಬದಲಿಸುತ್ತೆ. ಆ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿರ್ತಾರೆ. ಫಾಂಟ್ ಇರೋ ತನಕ ಕನ್ನಡ, ಫಾಂಟ್ ತೆಗೆದರೆ ಚಿತ್ರಾನ್ನ. ಇಂಥ ಪರಿವರ್ತಕಗಳು ಬೇರೆಯೂ ಇವೆ, ನನ್ನದಕ್ಕಿಂತ ಚೆನ್ನಾಗಿರೋವೂ ಇವೆ. ನನ್ನದು ಮಾಡೋ ಒಂದು ಹೆಚ್ಚಿನ ಕೆಲಸ ಏನಂದ್ರೆ, ಒಂದೇ ದೊಡ್ಡ ಫೈಲಿನಲ್ಲಿ ನೂರಾರು ಪದ್ಯ ಇದ್ದರೆ ಒಂದೊಂದನ್ನೂ ಬೇರೆ ಬೇರೆ ಫೈಲ್ ಮಾಡಿ, ಪದ್ಯದ ಮೊದಲ ಸಾಲನ್ನೇ ಫೈಲಿನ ಹೆಸರಾಗಿ ಇಡುತ್ತೆ. ನನಗೆ ಬೇಕಿತ್ತು, ಎರಡು ಭಾನುವಾರ ಕೂತು ಬರೆದೆ. ಇನ್ಯಾರಿಗಾದರೂ ಬೇಕಾದೀತು ಅಂತ ಮೂಲ ಕೋಡ್ ಸಮೇತ ಎಲ್ಲರಿಗೂ ತೆರೆದಿಟ್ಟೆ.

ಬರೆದದ್ದು ಲಿನಕ್ಸಿನಲ್ಲಿ. ನಮ್ಮನೇಲಿ ಇರೋದೇ ಅದು. ವಿಂಡೋಸ್ ಮುಟ್ಟಿ ಹತ್ತು ವರ್ಷದ ಮೇಲಾಗಿತ್ತು. ಆದರೆ ಇಟ್ಟ ವಾರದಿಂದಲೇ ಕೇಳೋಕೆ ಶುರುವಾಯ್ತು: ‘ಸಾರ್, ವಿಂಡೋಸಿಗೆ ಇಲ್ವಾ?’ ಕೇಳಿದವರು ಯಾರು ಅಂದ್ರೆ ಡಿಟಿಪಿ ಅಂಗಡಿಯವರು, ಸಣ್ಣ ಪ್ರಕಾಶಕರು, ಪಿಎಚ್‌ಡಿ ಮಾಡೋ ಹುಡುಗಿಯರು, ತಾಲ್ಲೂಕು ಸಾಹಿತ್ಯ ಪರಿಷತ್ತಿನ ಕೆಲಸ ನೋಡಿಕೊಳ್ಳೋರು. ಹಳೆಯ ನುಡಿ ಫೈಲುಗಳು ಇರೋದು ಇವರ ಹತ್ತಿರವೇ. ಲಿನಕ್ಸ್ ಬಳಸೋ ನನ್ನ ಸ್ನೇಹಿತರ ಹತ್ತಿರ ಒಂದು ಪುಟವೂ ಇರಲಿಲ್ಲ. ಅಂದ್ರೆ, ನನ್ನ ತಂತ್ರಾಂಶ ಯಾರಿಗೆ ಬೇಕಾಗಿರಲಿಲ್ಲವೋ ಅವರ ಗಣಕದಲ್ಲಿ ಮಾತ್ರ ಅದು ಓಡ್ತಿತ್ತು.

ಸರಿ, ಕೊಡೋಣ ಅಂದುಕೊಂಡೆ. ಲಿನಕ್ಸಿನಲ್ಲೇ ಕೂತು ವಿಂಡೋಸಿಗೆ ಬೇಕಾದ ಎಕ್ಸಿ ಫೈಲ್ ತಯಾರಿಸೋ ಮಿನ್‌ಜಿಡಬ್ಲ್ಯೂ ಅನ್ನೋ ಸಾಧನ ಇದೆ. ಒಂದು ಆಜ್ಞೆ ಕೊಟ್ಟೆ, ಎಕ್ಸಿ ಬಂತು. ಭಾವಮೈದುನನಿಗೆ ಕಳಿಸಿದೆ. ‘ಓಪನ್ ಆಗುತ್ತೆ ಭಾವ’ ಅಂದ. ಅಷ್ಟೇ ಪರೀಕ್ಷೆ! ಪುಟದಲ್ಲಿ ‘ವಿಂಡೋಸಿಗೆ ಇಲ್ಲಿ ಒತ್ತಿ’ ಅಂತ ಹಾಕಿದೆ. ಅದು ಓಡೋದನ್ನ ನನ್ನ ಕಣ್ಣಾರೆ ನಾನು ನೋಡಿರಲಿಲ್ಲ. ಈ ವಾಕ್ಯವನ್ನ ಬರೆಯೋದಕ್ಕೆ ಈಗಲೂ ಸ್ವಲ್ಪ ಸಂಕೋಚ.

ಮೇಷ್ಟ್ರು ಬಂದದ್ದು ಇದಾದ ಎರಡು ವರ್ಷಕ್ಕೆ. ತಿಪಟೂರು ಕಡೆಯವರು, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಊರೂರು ಅಲೆದು ಹೆಂಗಸರ ಬಾಯಿಂದ ಬೀಸೋ ಪದ, ಸೋಬಾನೆ ಪದ ಬರೆದುಕೊಂಡು, ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಇಟ್ಟುಕೊಂಡಿದ್ದರು. ಎಲ್ಲವೂ ನುಡಿಯಲ್ಲಿ. ಎಲ್ಲವೂ ಒಂದೇ ಫೈಲಿನಲ್ಲಿ. ಮಗ ಕೊಡಿಸಿದ ವಿಂಡೋಸ್ 10 ಲ್ಯಾಪ್‌ಟಾಪಿನಲ್ಲಿ ಅದನ್ನ ತೆರೆದರೆ ಮೊಬೈಲಿಗೆ ಕಳಿಸೋಕೆ ಬರಲ್ಲ, ಹುಡುಕೋಕೆ ಬರಲ್ಲ. ಯಾರೋ ನನ್ನ ನಂಬರ್ ಕೊಟ್ಟಿದ್ದರು.

ಮೊದಲ ಫೋನ್: ‘ಏನಪ್ಪಾ, ನಿನ್ನದನ್ನ ಒತ್ತಿದರೆ ನೀಲಿ ಪರದೆ ಬಂದು ನಿಮ್ಮ ಗಣಕವನ್ನ ಕಾಪಾಡಿದ್ದೀವಿ ಅಂತಾ ಇದೆ. ನಿನ್ನಿಂದ ಕಾಪಾಡಿದ್ದಾರೆ ಅಂತಲಾ?’

ಹೌದು ಮೇಷ್ಟ್ರೇ, ನನ್ನಿಂದಲೇ. ಅದರ ಹೆಸರು ಸ್ಮಾರ್ಟ್‌ಸ್ಕ್ರೀನ್. ಗುರುತಿಲ್ಲದವರ ಎಕ್ಸಿ ಬಂದರೆ ಅದು ಬಾಗಿಲಲ್ಲೇ ತಡೆಯುತ್ತೆ. ‘ಹೆಚ್ಚಿನ ಮಾಹಿತಿ’ ಅನ್ನೋ ಸಣ್ಣ ಅಕ್ಷರ ಒತ್ತಿದರೆ ಮಾತ್ರ ‘ಆದರೂ ಓಡಿಸು’ ಅನ್ನೋ ಗುಂಡಿ ಕಾಣುತ್ತೆ. ಗುರುತು ಬೇಕಾದರೆ ಡಿಜಿಟಲ್ ಸಹಿಯ ಪ್ರಮಾಣಪತ್ರ ಕೊಳ್ಳಬೇಕು, ಅದನ್ನ ಮಾರೋ ಕಂಪನಿಗಳಿಗೆ ವರ್ಷಕ್ಕೆ ನೂರಾರು ಡಾಲರ್ ಕೊಡಬೇಕು. 2023ರ ಜೂನ್‌ನಿಂದ ಆ ಸಹಿಯ ಕೀಲಿಯನ್ನ ಬರೀ ಫೈಲಾಗಿ ಇಟ್ಟುಕೊಳ್ಳೋ ಹಾಗೂ ಇಲ್ಲ, ಅದಕ್ಕಂತಲೇ ಬರೋ ಭದ್ರ ಸಾಧನದಲ್ಲಿ ಇರಬೇಕು. ಸಹಿ ಇಲ್ಲದಿದ್ದರೆ ತುಂಬ ಜನ ಇಳಿಸಿಕೊಂಡು ಓಡಿಸಿದ ಮೇಲೆ ನಿಧಾನಕ್ಕೆ ಆ ಫೈಲಿಗೆ ಒಳ್ಳೆ ಹೆಸರು ಬರುತ್ತೆ. ಆದರೆ ಆ ಹೆಸರು ಆ ಒಂದು ಫೈಲಿಗೆ ಮಾತ್ರ. ತಪ್ಪು ತಿದ್ದಿ ಹೊಸದು ಹಾಕಿದಿರೋ, ಮತ್ತೆ ಸೊನ್ನೆಯಿಂದ ಶುರು. ಕಷ್ಟಪಟ್ಟು ತಿದ್ದುವವನ ಮೇಲೆ ಅನುಮಾನ ಜಾಸ್ತಿ, ತಿದ್ದದೆ ಸುಮ್ಮನಿದ್ದವನು ಸಂಭಾವಿತ.

ಇದನ್ನ ದೂರೋಕೂ ಮನಸ್ಸು ಬರಲ್ಲ. ವಿಂಡೋಸ್ ಲೋಕದಲ್ಲಿ ವೈರಸ್ ಹಂಚೋರು ಅಷ್ಟು ಜನ ಇದ್ದಾರೆ, ಕಾವಲುಗಾರ ಎಲ್ಲರನ್ನೂ ಅನುಮಾನದಿಂದ ನೋಡೋದು ನ್ಯಾಯವೇ. ಆದರೆ ನನ್ನ ಬಾಯಲ್ಲಿ ಬಂದ ಮಾತು ಕೇಳಿ: ‘ಏನೂ ಆಗಲ್ಲ ಮೇಷ್ಟ್ರೇ, ಎಚ್ಚರಿಕೆ ಬಂದರೂ ಪರವಾಗಿಲ್ಲ, ಒತ್ತಿ.’ ಬ್ಯಾಂಕಿನ ಹೆಸರು ಹೇಳಿ ಫೋನ್ ಮಾಡೋ ಕಳ್ಳನೂ ಇದನ್ನೇ ಹೇಳ್ತಾನೆ. ಎಪ್ಪತ್ತು ದಾಟಿದ ಒಬ್ಬರಿಗೆ ಎಚ್ಚರಿಕೆಯನ್ನ ದಾಟೋದು ಹೇಗೆ ಅಂತ ನಾನೇ ಪಾಠ ಹೇಳಿಕೊಟ್ಟೆ.

ಎರಡನೇ ಫೋನ್, ಆಂಟಿವೈರಸ್ ಅದನ್ನ ಎತ್ತಿ ಎಲ್ಲೋ ಬಚ್ಚಿಟ್ಟಿತ್ತು. ಅದೂ ಆಯ್ತು.

ಇಂಥ ಫೋನು ಲಿನಕ್ಸಿನವರಿಂದ ಯಾಕೆ ಬರಲ್ಲ? ಅವರು ಜಾಣರು ಅಂತ ಅಲ್ಲ. ಅಲ್ಲಿ ನನಗೂ ಅವರಿಗೂ ನಡುವೆ ಇನ್ನೊಬ್ಬ ಇರ್ತಾನೆ. 1993ರಿಂದ ನಡೀತಾ ಇರೋ ಡೆಬಿಯನ್ ಥರದ ಕೂಟಗಳಲ್ಲಿ ಸಾವಿರಾರು ತಂತ್ರಾಂಶಗಳನ್ನ ತಂದು, ಕಟ್ಟಿ, ಒಂದಕ್ಕೊಂದು ಹೊಂದಿಸಿ, ಸಹಿ ಹಾಕಿ ಕೊಡೋ ಸ್ವಯಂಸೇವಕರೇ ಇದ್ದಾರೆ. ಬೆಳೆದವನು ಬೇರೆ, ಸಂತೆಗೆ ಹೊತ್ತವನು ಬೇರೆ. ವಿಂಡೋಸಿನಲ್ಲಿ ಬಹಳ ಕಾಲ ಆ ನಡುವಿನವನೇ ಇರಲಿಲ್ಲ, ಈಗಲೂ ಹೆಚ್ಚಿನವರು ಅವನನ್ನ ಹುಡುಕಿಕೊಂಡು ಹೋಗಲ್ಲ. ಬೆಳೆದವನೇ ಹೊರಬೇಕು, ತೂಗಬೇಕು, ಗಿರಾಕಿ ವಾಪಸ್ ತಂದರೆ ನೋಡಬೇಕು. ಅದೂ ತಾನು ಬದುಕದ ಊರಿನ ಸಂತೆಯಲ್ಲಿ.

ಇದು ನನ್ನಂಥ ಚಿಲ್ಲರೆಯವರ ಪಾಡು ಮಾತ್ರ ಅಂದುಕೊಳ್ಳಬೇಡಿ. ಅಚ್ಚಾದ ಪುಟದ ಚಿತ್ರದಿಂದ ಅಕ್ಷರ ಓದೋ ಟೆಸರಾಕ್ಟ್ ಗೊತ್ತಿರಬಹುದು. 1985ರಿಂದ ಎಚ್‌ಪಿ ಕಂಪನಿಯಲ್ಲಿ ಬೆಳೆದು, 2005ರಲ್ಲಿ ಎಲ್ಲರಿಗೂ ತೆರೆದುಕೊಂಡದ್ದು. ಕನ್ನಡವನ್ನೂ ಓದುತ್ತೆ. ಅದನ್ನ ವಿಂಡೋಸಿನಲ್ಲಿ ಹಾಕಿಕೊಳ್ಳೋಕೆ ಹೋದರೆ ಮೂಲ ಯೋಜನೆಯವರು ನಿಮಗೆ ದಾರಿ ತೋರಿಸೋದು ಜರ್ಮನಿಯ ಮ್ಯಾನ್‌ಹೈಮ್ ವಿಶ್ವವಿದ್ಯಾಲಯದ ಗ್ರಂಥಾಲಯದ ಕಡೆಗೆ. ಆ ಗ್ರಂಥಾಲಯದವರು ತಮ್ಮ ಹಳೆಯ ಪತ್ರಿಕೆಗಳನ್ನ ಓದಿಸೋಕೆ ಬೇಕು ಅಂತ ವಿಂಡೋಸಿಗೆ ಒಂದು ಇನ್‌ಸ್ಟಾಲರ್ ಮಾಡಿಕೊಂಡರು, ಬೇರೆಯವರಿಗೂ ಇರಲಿ ಅಂತ ಹೊರಗಿಟ್ಟರು. ನಮ್ಮ ಧಾರವಾಡದಲ್ಲೋ ಮೈಸೂರಲ್ಲೋ ಒಬ್ಬರು ವಿಂಡೋಸಿನಲ್ಲಿ ಹಳೆಯ ಕನ್ನಡ ಪುಸ್ತಕ ಓದಿಸ್ತಾ ಇದ್ದರೆ, ಅದು ಬಹಳ ಮಟ್ಟಿಗೆ ಆ ಜರ್ಮನ್ ಗ್ರಂಥಾಲಯದ ದಯೆ. ನಾಳೆ ಅವರು ಸಾಕು ಅಂದರೆ?

ಸಾಕು ಅಂದದ್ದೂ ಉಂಟು. ಅರ್ಧಕ್ಕರ್ಧ ವೆಬ್‌ಸೈಟುಗಳ ಹಿಂದೆ ಇರೋ ಪಿಎಚ್‌ಪಿಯ ವಿಂಡೋಸ್ ರೂಪಕ್ಕೆ ವರ್ಷಗಟ್ಟಲೆ ಮೈಕ್ರೋಸಾಫ್ಟೇ ಆಸರೆಯಾಗಿತ್ತು. 2020ರ ಜುಲೈನಲ್ಲಿ, 8.0 ಆವೃತ್ತಿಯಿಂದ ಮುಂದೆ ನಾವಿಲ್ಲ ಅಂದುಬಿಟ್ಟಿತು. ವಿಂಡೋಸ್ ಮಾಡಿದ ಕಂಪನಿಯೇ ಕೈ ಬಿಟ್ಟ ಮೇಲೆ ಹೊತ್ತುಕೊಂಡವರು ಮತ್ತೆ ಸ್ವಯಂಸೇವಕರು.

ಇನ್ನು ಗಿಂಪ್ ಕಥೆ. ಚಿತ್ರ ತಿದ್ದೋ ಗಿಂಪನ್ನ 1990ರ ದಶಕದ ನಡುವಿನಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಯುನಿಕ್ಸಿಗಾಗಿ ಬರೆದರು. ಆಮೇಲೆ ವಿಂಡೋಸಿಗೆ ತಂದದ್ದು, ಇನ್‌ಸ್ಟಾಲರ್ ಕಟ್ಟಿದ್ದು ಬೇರೆ ಬೇರೆ ಸ್ವಯಂಸೇವಕರು. ಆ ಇನ್‌ಸ್ಟಾಲರನ್ನ ಇಟ್ಟಿದ್ದು ಸೋರ್ಸ್‌ಫೋರ್ಜ್ ಅನ್ನೋ ತಾಣದಲ್ಲಿ. ಅಲ್ಲಿ ಡೌನ್‌ಲೋಡ್ ಗುಂಡಿಯ ಪಕ್ಕದಲ್ಲೇ ಅದೇ ಥರ ಕಾಣೋ ಜಾಹೀರಾತಿನ ಗುಂಡಿಗಳು ಬರೋಕೆ ಶುರುವಾದ್ದರಿಂದ 2013ರ ನವೆಂಬರಿನಲ್ಲಿ ಗಿಂಪ್‌ನವರು ಅಲ್ಲಿಂದ ಹೊರಟರು. 2015ರಲ್ಲಿ ನೋಡಿದರೆ ಬಿಟ್ಟುಬಂದ ಆ ಪುಟವನ್ನ ತಾಣದವರೇ ತಮ್ಮ ವಶಕ್ಕೆ ತಗೊಂಡು, ಗಿಂಪಿನ ಜೊತೆಗೆ ಬೇಡದ ತಂತ್ರಾಂಶಗಳನ್ನೂ ಅಂಟಿಸೋ ಇನ್‌ಸ್ಟಾಲರ್ ಕೊಡ್ತಾ ಇದ್ದರು. ಗಲಾಟೆ ಆದಮೇಲೆ ನಿಲ್ಲಿಸಿದರು. ನನ್ನನ್ನ ಕಾಡೋದು ಏನು ಅಂದ್ರೆ, ಅಲ್ಲಿ ಮೋಸಹೋದ ವಿಂಡೋಸಿನವನು ಬೈದಿದ್ದು ಯಾರನ್ನ? ಗಿಂಪನ್ನೇ ಬೈದಿರ್ತಾನೆ. ಅವನ ಕಣ್ಣಿಗೆ ಕೊಟ್ಟವನು ಒಬ್ಬನೇ.

ಮೇಷ್ಟ್ರ ಮೂರನೇ ಫೋನಿಗೆ ಬರ್ತೀನಿ. ‘ಓಡಿತಪ್ಪ. ಕೊನೇಲಿ ಮುಗಿಯಿತು ಅಂತ ಬಂತು. ಆದ್ರೆ ಫೈಲಿನ ಹೆಸರುಗಳೆಲ್ಲ ಏನೋ ಗೀಚು ಗೀಚಾಗಿವೆ. ಕನ್ನಡವೇ ಇಲ್ಲ.’

‘ಒಳಗೆ ತೆಗೆದು ನೋಡಿ ಮೇಷ್ಟ್ರೇ, ಹಾಡು ಸರಿಯಾಗಿದೆಯಾ?’

‘ಹಾಡು ಸರಿಯಾಗಿದೆ.’

‘ಮತ್ತಿನ್ನೇನು? ಹೆಸರು ನೀವೇ ಬದಲಾಯಿಸಿಕೊಳ್ಳಿ.’

‘ಮುನ್ನೂರ ನಲವತ್ತು ಹಾಡಪ್ಪಾ.’

ಆಫೀಸಿನಿಂದ ಆಗತಾನೆ ಬಂದಿದ್ದೆ, ತಲೆ ಸಿಡೀತಿತ್ತು. ‘ಮೇಷ್ಟ್ರೇ, ಇದು ದುಡ್ಡಿಗೆ ಮಾರೋ ಸಾಮಾನಲ್ಲ, ಬಿಡುವಿನಲ್ಲಿ ಮಾಡಿದ್ದು. ನನ್ನ ಹತ್ತಿರ ವಿಂಡೋಸೂ ಇಲ್ಲ. ನೋಡ್ತೀನಿ’ ಅಂದೆ. ಆ ನೋಡ್ತೀನಿಗೆ ನೋಡಲ್ಲ ಅಂತಲೇ ಅರ್ಥ, ಅದು ಅವರಿಗೂ ಗೊತ್ತಾಯ್ತು. ಫೋನ್ ಇಟ್ಟು ಗಾದೆ ಹೇಳಿದ್ದು ಆವಾಗಲೇ.

ಮೂರು ದಿನ ಕಳೆದು ಮತ್ತೆ ಫೋನ್ ಬಂತು. ದನಿಯಲ್ಲಿ ಕೋಪ ಇರಲಿಲ್ಲ, ಅದೇ ಕಷ್ಟ. ‘ಬೈಕೋಬೇಡಪ್ಪ. ಹೆಸರು ಬದಲಾಯಿಸ್ತಾ ಕೂತಿದ್ದೆ, ಎಣಿಸಿದೆ. ಮುನ್ನೂರ ಹದಿನೇಳು ಇವೆ. ಇಪ್ಪತ್ಮೂರು ಕಡಮೆ. ಎರಡು ಸಲ ಎಣಿಸಿದೆ.’

ಆ ರಾತ್ರಿ ಭಾವಮೈದುನನ ಲ್ಯಾಪ್‌ಟಾಪ್ ತರಿಸಿಕೊಂಡು ಕೂತೆ. ಏನಾಗಿತ್ತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ತಪ್ಪು ನನ್ನದೇ ಆದರೂ ಅದರಲ್ಲಿ ಕನ್ನಡದ ಪಾಡೂ ಸೇರಿಕೊಂಡಿದೆ.

ವಿಂಡೋಸಿನಲ್ಲಿ ಫೈಲ್ ತೆರೆಯೋಕೆ ಎರಡು ಬಾಗಿಲು. ಒಂದು ಹಳೆಯದು, ಕಿರಿದು. ಅದಕ್ಕೆ ‘ಕೋಡ್ ಪೇಜ್’ ಅನ್ನೋ ಒಂದು ಅಕ್ಷರಪಟ್ಟಿ ಮಾತ್ರ ಗೊತ್ತು. ಇನ್ನೊಂದು ಅಗಲವಾದದ್ದು, ಯೂನಿಕೋಡಿನದು. ಗ್ರೀಕಿಗೆ, ಅರಬಿಗೆ, ಥಾಯಿಗೆ, ವಿಯೆಟ್ನಾಮಿಗೆ ಎಲ್ಲಕ್ಕೂ ತಮ್ಮ ತಮ್ಮ ಕೋಡ್ ಪೇಜ್ ಇದೆ. ಕನ್ನಡಕ್ಕೆ ಇಲ್ಲವೇ ಇಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನ ಜೊತೆ ಕನ್ನಡವನ್ನ ಒಳಗೆ ಬಿಟ್ಟುಕೊಂಡಾಗ ನೇರವಾಗಿ ಅಗಲದ ಬಾಗಿಲಿನಿಂದಲೇ ಬಿಟ್ಟುಕೊಂಡಿತು. ಅದು ಒಳ್ಳೆಯದೇ. ಆದರೆ ಕಿರಿದಾದ ಬಾಗಿಲು ತಟ್ಟೋ ತಂತ್ರಾಂಶಕ್ಕೆ ಕನ್ನಡ ಕಾಣಲ್ಲ. ಲಿನಕ್ಸಿನಲ್ಲಿ ಇರೋದು ಒಂದೇ ಬಾಗಿಲು, ನೀವು ಕೊಟ್ಟ ಬೈಟುಗಳನ್ನ ಹಾಗೇ ತಗೊಳ್ಳುತ್ತೆ. ಅದರಲ್ಲೇ ಬೆಳೆದ ನಾನು ಬಾಗಿಲು ಎರಡಿವೆ ಅನ್ನೋದನ್ನೇ ಯೋಚಿಸಿರಲಿಲ್ಲ.

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆ, ಪ್ರತಿಯೊಂದೂ ಮೂರು ಬೈಟು. ಕಿರಿದಾದ ಬಾಗಿಲು ಆ ಮೂರು ಬೈಟನ್ನೂ ಮೂರು ಬೇರೆ ಬೇರೆ ಯುರೋಪಿನ ಅಕ್ಷರ ಅಂತ ಓದಿಕೊಂಡಿತು. ಮೇಷ್ಟ್ರಿಗೆ ಕಂಡ ಗೀಚು ಅದೇ. ಅಷ್ಟಕ್ಕೇ ನಿಲ್ಲಲಿಲ್ಲ. ವಿಂಡೋಸಿನಲ್ಲಿ ಫೋಲ್ಡರುಗಳೆಲ್ಲ ಸೇರಿ ಒಂದು ಫೈಲಿನ ಪೂರ್ತಿ ವಿಳಾಸ ಸಾಮಾನ್ಯವಾಗಿ 260 ಅಕ್ಷರ ಮೀರೋ ಹಾಗಿಲ್ಲ. ಎಂಬತ್ತು ಅಕ್ಷರದ ಮೊದಲ ಸಾಲು ಮೂರು ಪಟ್ಟು ಉಬ್ಬಿ, ಮುಂದೆ ಫೋಲ್ಡರಿನ ವಿಳಾಸವೂ ಸೇರಿ, ಮಿತಿ ದಾಟಿತು. ಫೈಲ್ ಹುಟ್ಟಲೇ ಇಲ್ಲ. ನಾನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿದ್ದೆ. ಅದರಲ್ಲಿ ಫೈಲ್ ತೆರೆಯದಿದ್ದರೂ ಬರೆಯೋಕೆ ಹೋದರೆ ಅದು ಬಾಯಿ ಬಿಡಲ್ಲ, ತೆರೆಯಿತಾ ಅಂತ ನಾವೇ ಕೇಳಬೇಕು. ನಾನು ಕೇಳಿರಲಿಲ್ಲ. ಹಾಡು ಗಾಳಿಗೆ ಹೋಯಿತು, ತಂತ್ರಾಂಶ ಮುಂದಿನ ಹಾಡಿಗೆ ಹೋಯಿತು, ಕೊನೆಗೆ ‘ಮುಗಿಯಿತು’ ಅಂತ ತೋರಿಸಿತು.

ಮೊದಲ ಸಾಲು ಚಿಕ್ಕದಾಗಿದ್ದ ಹಾಡುಗಳು ಉಳಿದವು, ಉದ್ದ ಇದ್ದವು ಹೋದವು. ಹೋದ ಇಪ್ಪತ್ಮೂರರಲ್ಲಿ ಹನ್ನೊಂದು ಒಬ್ಬಳೇ ಅಜ್ಜಿ ಹೇಳಿದ್ದು. ‘ಆಕೆಯ ವರಸೆಯೇ ಹಾಗೆ, ಮೊದಲ ಸಾಲಲ್ಲೇ ಅರ್ಧ ಕಥೆ ಹೇಳಿಬಿಡೋಳು’ ಅಂದರು ಮೇಷ್ಟ್ರು. ಆಕೆ ಈಗಿಲ್ಲ. ಪುಣ್ಯಕ್ಕೆ ಮೂಲ ನುಡಿ ಫೈಲು ಮೇಷ್ಟ್ರ ಪೆನ್‌ಡ್ರೈವಿನಲ್ಲಿ ಹಾಗೇ ಇತ್ತು. ಅಗಲದ ಬಾಗಿಲು ತಟ್ಟೋ ಹಾಗೆ ಕೋಡ್ ತಿದ್ದಿದೆ, ಹೆಸರನ್ನ ಗಿಡ್ಡ ಮಾಡಿದೆ, ಪ್ರತಿ ಫೈಲೂ ಹುಟ್ಟಿತಾ ಅಂತ ನೋಡಿ ಲೆಕ್ಕ ಕೊಡೋ ಹಾಗೆ ಮಾಡಿದೆ. ಮುನ್ನೂರ ನಲವತ್ತೂ ಬಂದವು.

ಮೇಷ್ಟ್ರ ಕೆಲಸ ಆಯ್ತು. ನನ್ನ ತಲೆನೋವು ಅಲ್ಲಿಂದ ಶುರು.

ನನ್ನ ತಂತ್ರಾಂಶದ ಪರವಾನಗಿ ಜಿಪಿಎಲ್. ಅದರಲ್ಲಿ ಯಾವ ಭರವಸೆಯೂ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಇಂಥ ಪರವಾನಗಿಗಳಲ್ಲೆಲ್ಲ ಇರುತ್ತೆ, ಕಾನೂನಿನ ಪ್ರಕಾರ ನಾನು ಕ್ಷೇಮ. ಆ ಸಾಲು ಬೇಕೇ ಬೇಕು, ಇಲ್ಲದಿದ್ದರೆ ಬಿಡುವಿನಲ್ಲಿ ಏನಾದರೂ ಮಾಡಿ ಹಂಚೋ ಧೈರ್ಯ ಯಾರಿಗೂ ಬರ್ತಿರಲಿಲ್ಲ. ಆದರೆ ಅದು ಕೋರ್ಟಿಗೆ ಉತ್ತರ. ಎರಡು ಸಲ ಎಣಿಸಿದೆ ಅಂದ ಮನುಷ್ಯನಿಗೆ ಆ ಇಂಗ್ಲಿಷ್ ಸಾಲನ್ನ ಓದಿ ಹೇಳೋಕಾಗುತ್ತಾ? ನನಗಂತೂ ನಾಲಗೆ ಏಳಲಿಲ್ಲ.

ಗ್ನೂ ಯೋಜನೆಯವರ ನಿಲುವು ನನಗೆ ಮೊದಲಿಂದ ಇಷ್ಟ. ಅವರು ತಮ್ಮ ಈಮ್ಯಾಕ್ಸ್ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳ್ತಾರೆ: ಇದು ಇರೋದು ನಮ್ಮ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆಗಾಗಿ, ಬೇರೆ ಕಡೆ ಓಡ್ತಾ ಇದ್ದರೆ ಅದು ಯಾರೋ ಸ್ವಯಂಸೇವಕರು ಮನಸ್ಸು ಮಾಡಿದ್ದರಿಂದ. ಅದರಲ್ಲೊಂದು ನೇರವಂತಿಕೆ ಇದೆ. ನಮ್ಮ ಬಳಗದಲ್ಲಿ ಅದರ ಅಗ್ಗದ ರೂಪವೂ ಇದೆ, ಯಾರು ಏನೇ ತೊಂದರೆ ಹೇಳಿದರೂ ‘ಲಿನಕ್ಸ್ ಹಾಕಿಕೊಳ್ಳಿ’ ಅನ್ನೋದು. ನಾನೂ ಎಷ್ಟೋ ಸಲ ಅಂದಿದ್ದೀನಿ. ಮೇಷ್ಟ್ರಿಗೂ ಅಂದಿದ್ದೆ. ಅವರು ಮುಗ್ಧವಾಗಿ ಕೇಳಿದ್ದರು: ‘ಹಾಕ್ಕೋತೀನಿ. ಡಿಟಿಪಿ ಹುಡುಗ ಪೇಜ್‌ಮೇಕರಿನಲ್ಲಿ ಕಳಿಸಿದ್ದು ಅದರಲ್ಲಿ ತೆರೆಯುತ್ತಾ?’ 2001ರಲ್ಲಿ ಕೊನೆಯ ಆವೃತ್ತಿ ಬಂದ ಪೇಜ್‌ಮೇಕರ್! ನಮ್ಮ ಎಷ್ಟೋ ಅಂಗಡಿಗಳಲ್ಲಿ ಅದು ಇನ್ನೂ ಮೊನ್ನೆ ಮೊನ್ನೆವರೆಗೂ ಉಸಿರಾಡ್ತಿತ್ತು. ಅವರು ವಿಂಡೋಸನ್ನ ಆರಿಸಿಕೊಂಡವರಲ್ಲ. ಲ್ಯಾಪ್‌ಟಾಪಿನ ಜೊತೆ ಬಂತು, ಮಗ ಕೊಡಿಸಿದ, ಅಂಗಡಿಯವನೂ ಅದರಲ್ಲೇ ಇದ್ದಾನೆ. ಮದುವೆಯಾಗಿ ಬಂದ ಊರಿನ ನೀರು ಕುಡಿಯೋ ಹಾಗೆ ಅವರು ವಿಂಡೋಸ್ ಬಳಸ್ತಾರೆ. ಊರು ಬಿಟ್ಟು ಬಾ, ಆಮೇಲೆ ನೀರು ಕೊಡ್ತೀನಿ ಅನ್ನೋದು ಎಂಥ ಧರ್ಮ?

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನ ಹೇಳದಿದ್ದರೆ ನನಗೇ ನಾನು ಅನ್ಯಾಯ ಮಾಡಿಕೊಂಡ ಹಾಗೆ. ವಿಂಡೋಸಿನಿಂದ ಬರೋ ದೂರುಗಳಿಗೆ ಕೊನೆ ಇಲ್ಲ. ಪರದೆಯನ್ನ ಮೊಬೈಲಿನಲ್ಲಿ ಓರೆಯಾಗಿ ಫೋಟೋ ಹೊಡೆದು ‘ವರ್ಕ್ ಆಗ್ತಿಲ್ಲ’ ಅಂತ ಒಂದು ಸಾಲು. ಯಾವ ಆವೃತ್ತಿ ಅಂತ ಕೇಳಿದರೆ ಉತ್ತರ ಇಲ್ಲ. ಒಬ್ಬ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ‘ನಿಮ್ಮ ಸಪೋರ್ಟ್ ಸರಿ ಇಲ್ಲ’ ಅಂತ ರೇಗಿದ. ಪುಟ್ಟಿ ಅನ್ನೋ ತಂತ್ರಾಂಶ ಬರೆದ ಸೈಮನ್ ಟಾಥಮ್ 1999ರಲ್ಲೇ ದೋಷವನ್ನ ಹೇಗೆ ವರದಿ ಮಾಡಬೇಕು ಅಂತ ಒಂದು ಲೇಖನ ಬರೆದರು. ಅಂದ್ರೆ ಈ ನೋವು ಅಷ್ಟು ಹಳೆಯದು, ಪುಟ್ಟಿಯಂತೂ ವಿಂಡೋಸಿಗಾಗಿಯೇ ಹುಟ್ಟಿದ್ದು. ಇಬ್ಬರು ಚಿಕ್ಕ ಮಕ್ಕಳು, ಆಫೀಸು, ಅಪ್ಪನ ಡಯಾಲಿಸಿಸ್, ಇದರ ನಡುವೆ ಉಳಿಯೋ ಭಾನುವಾರದ ಎರಡು ಗಂಟೆ ನನ್ನದು. ಅದನ್ನ ನನಗೆ ಇಷ್ಟವಿಲ್ಲದ, ನನ್ನ ಹತ್ತಿರ ಇಲ್ಲದ ಒಂದು ವ್ಯವಸ್ಥೆಯ ಬಾಗಿಲು ಎಣಿಸೋಕೆ ಕೊಡಬೇಕಾ? ಕೊಡಲೇಬೇಕು ಅಂತ ನಾನು ಈಗಲೂ ಒಪ್ಪಲ್ಲ. ಸ್ವಯಂಸೇವಕ ‘ನನ್ನ ಕೈಲಾಗಲ್ಲ’ ಅಂದರೆ ಅದು ತಪ್ಪಲ್ಲ.

ನನ್ನ ತಪ್ಪು ‘ಆಗಲ್ಲ’ ಅಂದದ್ದರಲ್ಲಿ ಇರಲಿಲ್ಲ, ಹಾಗೆ ಅನ್ನದೇ ಇದ್ದದ್ದರಲ್ಲಿ ಇತ್ತು. ‘ವಿಂಡೋಸಿಗೆ ಇಲ್ಲಿ ಒತ್ತಿ’ ಅಂತ ಬರೆದ ಗುಂಡಿ ಒಂದು ಮಾತು ಕೊಟ್ಟ ಹಾಗೆ. ಪರವಾನಗಿಯಲ್ಲಿ ಭರವಸೆ ಇಲ್ಲ ಅಂತ ಬರೆದು, ಗುಂಡಿಯಲ್ಲಿ ಭರವಸೆ ಕೊಟ್ಟೆ. ‘ಇದನ್ನ ನಾನು ವಿಂಡೋಸಿನಲ್ಲಿ ಓಡಿಸಿ ನೋಡಿಲ್ಲ’ ಅಂತ ಪಕ್ಕದಲ್ಲಿ ಒಂದು ಸಾಲು ಹಾಕಿದ್ದರೆ ನನಗೇನೂ ಖರ್ಚಾಗ್ತಿರಲಿಲ್ಲ. ಹಾಕಲಿಲ್ಲ, ಯಾಕಂದ್ರೆ ಸಣ್ಣವನಾಗಿ ಕಾಣೋದು ಬೇಕಿರಲಿಲ್ಲ. ಎಷ್ಟು ಜನ ಇಳಿಸಿಕೊಂಡರು ಅನ್ನೋ ಅಂಕಿ ಏರೋದನ್ನ ನೋಡೋಕೆ ಖುಷಿಯಾಗ್ತಿತ್ತು. ಆ ಅಂಕಿ ಏರಿಸಿದವರು ಬಹುಪಾಲು ವಿಂಡೋಸಿನವರೇ. ಅವರಿಂದ ಹೆಸರು ತಗೊಳ್ಳುವಾಗ ‘ವಿಂಡೋಸಿನವರು’ ಅನ್ನಿಸಲಿಲ್ಲ, ದೂರು ಬಂದಾಗ ಮಾತ್ರ ಅನ್ನಿಸಿತು.

ಆ ಗಾದೆಯನ್ನೂ ಆಮೇಲೆ ಬೇರೆ ಥರ ನೋಡೋಕೆ ಶುರುಮಾಡಿದೆ. ಚಿಕ್ಕಂದಿನಿಂದ ಕೇಳಿದ್ದು ಆ ಹೆಂಗಸಿನ ದುರಾಸೆಯ ಕಥೆ ಅಂತ. ಆದರೆ ಆಕೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳು, ಕೊಟ್ಟವರ ಮುಂದೆ ಹಾಕಲಿಲ್ಲ. ಅಷ್ಟು ಮರ್ಯಾದೆ ಇತ್ತು. ಉಡೋಕೆ ಸಾಲುತ್ತಾ ಅಂತ ನೋಡಿದಳೋ ಏನೋ. ಮೂಲೆಗೆ ಎಸೆಯೋಳು ಮೊಳ ಹಾಕಲ್ಲ. ಮೇಷ್ಟ್ರು ಎಣಿಸದೇ ಇದ್ದಿದ್ದರೆ ಆ ಇಪ್ಪತ್ಮೂರು ಹಾಡು ಹೋದದ್ದು ಅವರಿಗೂ ಗೊತ್ತಾಗ್ತಿರಲಿಲ್ಲ, ನನಗೂ ಗೊತ್ತಾಗ್ತಿರಲಿಲ್ಲ.

ಈಗ ನನ್ನ ವಿಂಡೋಸ್ ಪರೀಕ್ಷಕರು ಅವರೇ. ಹೊಸ ಆವೃತ್ತಿ ಕಟ್ಟಿದರೆ ಮೊದಲು ಅವರಿಗೆ ಹೋಗುತ್ತೆ. ಓಡಿಸಿ, ಎಣಿಸಿ, ವಾಟ್ಸಾಪಿನಲ್ಲಿ ‘340’ ಅಂತ ಒಂದು ಅಂಕಿ ಕಳಿಸ್ತಾರೆ, ಬೇರೆ ಏನೂ ಬರೆಯಲ್ಲ. 2025ರ ಅಕ್ಟೋಬರಿಗೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಮೇಷ್ಟ್ರ ಲ್ಯಾಪ್‌ಟಾಪ್ 11ನ್ನ ಹಾಕಿಸಿಕೊಳ್ಳಲ್ಲ, ಅದಕ್ಕೆ ಬೇಕಾದ ಟಿಪಿಎಂ ಚಿಪ್ಪಿನ ಹೊಸ ರೂಪ ಅದರಲ್ಲಿಲ್ಲ. ‘ಇನ್ನು ನಿನ್ನದೂ ನಿಂತುಹೋಗುತ್ತಾ?’ ಅಂತ ಕೇಳಿದರು. ನಿಮ್ಮ ಲ್ಯಾಪ್‌ಟಾಪ್ ಇರೋವರೆಗೂ ಓಡಿಸ್ತೀನಿ ಅಂದೆ. ಅದು ಮಾತು ಕೊಟ್ಟದ್ದೇ, ಗೊತ್ತಿದ್ದೇ ಕೊಟ್ಟೆ.

ಉಳಿದವರ ವಿಷಯ ಹಾಗೆ ಮುಗಿದಿಲ್ಲ. ಮೇಷ್ಟ್ರಿಗಿಂತ ಮೊದಲ ಎರಡು ವರ್ಷದಲ್ಲಿ ಆ ಎಕ್ಸಿಯನ್ನ ಯಾರು ಯಾರು ಇಳಿಸಿಕೊಂಡರು ಅಂತ ನನಗೆ ಗೊತ್ತಿಲ್ಲ. ಬಳಸೋರ ಬೆನ್ನು ಹತ್ತಿ ಲೆಕ್ಕ ಇಡೋದು ನಮ್ಮ ಬಳಗದಲ್ಲಿ ಪಾಪ, ನಾನೂ ಹಾಗೇ ನಂಬಿದವನು. ಅದರಿಂದ ಇಳಿಸಿಕೊಂಡ ಸಂಖ್ಯೆ ಇದೆ, ಒಂದು ಹೆಸರೂ ಇಲ್ಲ. ಪುಟದ ಮೇಲ್ಗಡೆ ದಪ್ಪ ಅಕ್ಷರದಲ್ಲಿ ಹಾಕಿದ್ದೀನಿ: ಹಳೆಯ ವಿಂಡೋಸ್ ಆವೃತ್ತಿ ಬಳಸಿದ್ದರೆ ದಯವಿಟ್ಟು ಎಣಿಸಿ ನೋಡಿ, ಉದ್ದ ಹೆಸರಿನವು ಬಿಟ್ಟುಹೋಗಿರಬಹುದು. ಒಮ್ಮೆ ಇಳಿಸಿಕೊಂಡವರು ಆ ಪುಟಕ್ಕೆ ಮತ್ತೆ ಯಾಕೆ ಬರ್ತಾರೆ?

ಒಬ್ಬರು ಮಾತ್ರ ಬಂದಿದ್ದರು. ಕಳೆದ ತಿಂಗಳು ಅವರ ಮೇಲ್ ಬಂತು. ತೀರಿಹೋದ ಅವರ ತಂದೆ ಬರೆದಿಟ್ಟ ಕೀರ್ತನೆಗಳನ್ನ ನನ್ನ ತಂತ್ರಾಂಶದಿಂದ ಬದಲಿಸಿಕೊಂಡರಂತೆ, ತುಂಬ ಉಪಕಾರವಾಯಿತು ಅಂತ ಮೊದಲ ಸಾಲಿನಲ್ಲೇ ಬರೆದಿದ್ದಾರೆ. ಎಲ್ಲ ಮುಗಿಯಿತು ಅಂತ ಬಂದ ಮೇಲೆ ಹಳೆಯ ಗಣಕವನ್ನ ಗುಜರಿಗೆ ಹಾಕಿದರಂತೆ. ಈಗ ನನ್ನ ಎಚ್ಚರಿಕೆ ನೋಡಿದ್ದಾರೆ. ಅವರ ಹತ್ತಿರ ನೂರ ಎಂಟು ಕೀರ್ತನೆ ಇವೆ. ಮೊದಲು ಎಷ್ಟಿದ್ದವು ಅಂತ ಎಣಿಸಿರಲಿಲ್ಲ, ಅಪ್ಪನೂ ಎಲ್ಲೂ ಬರೆದಿಟ್ಟಿಲ್ಲ. ‘ನೂರ ಎಂಟು ಅಂದರೆ ಸರಿಯಾದ ಲೆಕ್ಕವೇ ಇರಬೇಕು ಅಲ್ವಾ ಸಾರ್?’ ಅಂತ ಕೇಳಿದ್ದಾರೆ.

ನಾಲ್ಕು ಸಲ ಉತ್ತರ ಬರೆದು ಅಳಿಸಿದ್ದೀನಿ. ಐದನೆಯದು ಈಗಲೂ ಅರ್ಧಕ್ಕೇ ನಿಂತಿದೆ.